ಐವತ್ತರಲ್ಲಿ ಪುನಃ ಓನಾಮ

ವಿದ್ಯೆಗೆ ವಯಸ್ಸಿನ ಮಿತಿಯಿಲ್ಲವೆಂಬ ಮಾತನ್ನು ಸಭೆ-ಸಮಾರಂಭಗಳಲ್ಲಿ ಕೇಳಿ ನಾವೆಲ್ಲರೂ ತಲೆದೂಗಿದ್ದೇವೆ. ತಲೆದೂಗಿ ಮನೆಗೆ ಬಂದ ಮೇಲೆ ನಾವು ನಂಬುವದು ಮಾತ್ರ ಬೇರೊಂದು ಗಾದೆಯನ್ನು: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಈ ಎರಡು ಮಾತುಗಳಲ್ಲಿ ಯಾವದು ಸತ್ಯವೆಂಬ ಪ್ರಶ್ನೆಯು ಬೆಂಗಳೂರಿನಲ್ಲಿ ಇಂದು ಕೇವಲ ವಾದದ ವಿಷಯವಾಗಿ ಉಳಿದಿಲ್ಲ. ಅದೆಷ್ಟೋ ಕುಟುಂಬಗಳ ಮನೆಸಾಲದ ಕಂತು, ಮಕ್ಕಳ ಕಾಲೇಜಿನ ಶುಲ್ಕ, ವೃದ್ಧ ತಂದೆತಾಯಿಗಳ ಔಷಧೋಪಚಾರ ಇವೆಲ್ಲವೂ ಅದರ ಉತ್ತರವನ್ನೇ ಅವಲಂಬಿಸಿ ನಿಂತಿವೆ.

೨೦೨೫ ನೆಯ ಇಸವಿಯ ಜುಲೈ ತಿಂಗಳ ಕೊನೆಯಲ್ಲಿ ಟಾಟಾ ಕನ್ಸಲ್ಟನ್ಸಿ ಸರ್ವಿಸಸ್ ಕಂಪನಿಯು ತನ್ನ ನೌಕರವರ್ಗದಲ್ಲಿ ನೂರಕ್ಕೆ ಸುಮಾರು ಎರಡರಷ್ಟು, ಅಂದರೆ ಹನ್ನೆರಡು ಸಾವಿರಕ್ಕೆ ಮಿಕ್ಕಿದ ಜನರನ್ನು ಕಡಿಮೆ ಮಾಡುವದಾಗಿ ಪ್ರಕಟಿಸಿತು. ಇವರಲ್ಲಿ ಬಹುತೇಕರು ಮಧ್ಯಮ ಹಾಗೂ ಹಿರಿಯ ದರ್ಜೆಯವರೆಂದೂ ಕಂಪನಿಯೇ ತಿಳಿಸಿತು. ನೌಕರರಲ್ಲಿರುವ ಕೌಶಲ್ಯಕ್ಕೂ ಕಂಪನಿಗೆ ಬೇಕಾದ ಕೌಶಲ್ಯಕ್ಕೂ ಮೇಳ ಕೂಡುತ್ತಿಲ್ಲವೆಂಬದೇ ಹೇಳಲಾದ ಕಾರಣವು. ೧೯೬೮ ರಲ್ಲಿ ಸ್ಥಾಪಿತವಾಗಿ, ಈ ವ್ಯವಸಾಯಕ್ಕೆ ಹಿರಿಯಣ್ಣನಂತಿರುವ ಸಂಸ್ಥೆಯೇ ಹೀಗೆಂದ ಬಳಿಕ ಉಳಿದ ಕಂಪನಿಗಳಲ್ಲಿರುವ ನಲವತ್ತು-ಐವತ್ತರ ವಯಸ್ಸಿನ ಪ್ರೋಗ್ರಾಮರುಗಳ ಎದೆಯಲ್ಲಿ ಡವಡವ ಹುಟ್ಟಿದ್ದರೆ ಆಶ್ಚರ್ಯವೇನು?

ಈ ಜನರು ಯಾರೆಂಬದನ್ನು ಮೊದಲು ತಿಳಿದುಕೊಳ್ಳುವದು ನ್ಯಾಯ. ಕಳೆದ ಶತಮಾನದ ಕೊನೆಯಲ್ಲಿ ಜಗತ್ತಿನ ಬ್ಯಾಂಕು, ವಿಮೆ ಮತ್ತು ಸರಕಾರಿ ಖಾತೆಗಳ ಗಣಕಯಂತ್ರಗಳಿಗೆ ಒಂದು ವಿಚಿತ್ರವಾದ ಗಂಡಾಂತರವು ಒದಗಿತ್ತು. ಜಾಗವನ್ನು ಉಳಿಸುವದಕ್ಕಾಗಿ ಹಿಂದಿನವರು ಇಸವಿಯನ್ನು ಎರಡೇ ಅಂಕೆಗಳಲ್ಲಿ ಬರೆದಿಟ್ಟಿದ್ದರು. ೧೯೯೯ ಕಳೆದು ೨೦೦೦ ಬಂದ ಕೂಡಲೆ ಯಂತ್ರವು ಆ ಎರಡು ಸೊನ್ನೆಗಳನ್ನು ೧೯೦೦ ಎಂದು ತಿಳಿದು, ಬಡ್ಡಿ, ವಯಸ್ಸು, ಪಿಂಚಣಿಗಳ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವ ಸಂಭವವಿತ್ತು. ಆ ಪ್ರೋಗ್ರಾಮುಗಳಲ್ಲಿ ಬಹಳಷ್ಟು ಕೋಬಾಲ್ ಎಂಬ ಭಾಷೆಯಲ್ಲಿದ್ದವು. ೧೯೫೯ ರಲ್ಲಿ ಅಮೇರಿಕೆಯಲ್ಲಿ ರೂಪುಗೊಂಡ ಆ ಭಾಷೆಯನ್ನು ಬಲ್ಲವರು ಅಲ್ಲಿಯೇ ವಿರಳವಾಗುತ್ತಿದ್ದರು. ಆಗ ಯಂತ್ರಶಾಸ್ತ್ರ, ಕಟ್ಟಡಶಾಸ್ತ್ರ, ವಿದ್ಯುಚ್ಛಾಸ್ತ್ರಗಳಲ್ಲಿ ಪದವಿ ಪಡೆದ ನಮ್ಮ ತರುಣರಿಗೆ ಕೆಲವೇ ತಿಂಗಳು ಕೋಬಾಲ್ ಕಲಿಸಿ ಕೆಲಸಕ್ಕೆ ಹಚ್ಚಲಾಯಿತು. ಅವರು ಸಾಲು ಸಾಲಾಗಿ ಓದಿ, ದೋಷವನ್ನು ಹುಡುಕಿ ತಿದ್ದಿದರು. ಬೆಂಗಳೂರಿನ ಹೆಸರು ಹೊರದೇಶಗಳಲ್ಲಿ ಮನೆಮಾತಾಗುವದಕ್ಕೆ ಈ ಹೆಸರಿಲ್ಲದ ಪರಿಶ್ರಮವೂ ಒಂದು ಮುಖ್ಯ ಕಾರಣವೆಂಬದನ್ನು ನಾವು ಮರೆಯಬಾರದು.

ಆಗ ಇಪ್ಪತ್ತೆರಡರ ಪ್ರಾಯದವರಾಗಿದ್ದವರು ಇಂದು ಐವತ್ತರ ಹೊಸ್ತಿಲಲ್ಲಿದ್ದಾರೆ. ಶತಮಾನವು ಮಗ್ಗುಲು ಬದಲಿಸಿದೊಡನೆ ಕೋಬಾಲ್ ಸಾಕು, ಜಾವಾ ಕಲಿಯಿರಿ ಎಂದರು, ಕಲಿತರು. ಬಳಿಕ ಇಂಟರ್‌ನೆಟ್ಟಿನ ಕೆಲಸವು ಬಂದಿತು. ಅದರ ಹಿಂದೆಯೇ ಮೊಬೈಲ್ ಫೋನು. ಅದರ ಹಿಂದೆ ಯಂತ್ರಗಳನ್ನು ಸ್ವಂತಕ್ಕೆ ಕೊಳ್ಳದೆ ದೂರದಿಂದ ಬಾಡಿಗೆಗೆ ಪಡೆಯುವ ಕ್ಲೌಡ್ ಪದ್ಧತಿ. ಒಂದೊಂದಕ್ಕೂ ಹೊಸ ಪರಿಭಾಷೆ, ಹೊಸ ಪರೀಕ್ಷೆ, ಹೊಸ ಪ್ರಮಾಣಪತ್ರ. ಮರವು ಬಗ್ಗುವದಿಲ್ಲವೆಂದು ಗಾದೆ ಹೇಳುವ ಮಹಾಶಯರು, ಈ ಮರವು ಅದಾಗಲೇ ನಾಲ್ಕು ಸಲ ಬಗ್ಗಿ ಎದ್ದಿದ್ದನ್ನು ನೋಡಿಯೇ ಇಲ್ಲ!

ಆದರೂ ಪ್ರಶ್ನೆಯು ಉಳಿಯುತ್ತದೆ. ಐದನೆಯ ಸಲ ಬಗ್ಗುವದು ಸಾಧ್ಯವೇ? ಸಾಧ್ಯವಾದರೆ ಯಾವ ಬಗೆಯಿಂದ?

ಇದಕ್ಕೆ ನಮ್ಮ ಕಣ್ಣಿಗೆ ಕಂಡ ಅತ್ಯುತ್ತಮವಾದ ಉದಾಹರಣೆಯು ಅಮೇರಿಕೆಯ ವರ್ಜೀನಿಯಾ ಪ್ರಾಂತದ್ದು. ಅಲ್ಲಿಯ ಲ್ಯಾಂಗ್ಲಿಯ ವಿಮಾನ ಸಂಶೋಧನಾಲಯದಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ‘ಕಂಪ್ಯೂಟರ್’ ಎಂಬದು ಯಂತ್ರದ ಹೆಸರಾಗಿರಲಿಲ್ಲ, ಮನುಷ್ಯರ ಹುದ್ದೆಯ ಹೆಸರಾಗಿತ್ತು. ವಿಮಾನದ ರೆಕ್ಕೆಗಳ ಮೇಲಿನ ಗಾಳಿಯ ಒತ್ತಡ ಮೊದಲಾದವುಗಳನ್ನು ಕೈಯಿಂದ ಗುಣಿಸಿ ಭಾಗಿಸಿ ಲೆಕ್ಕ ಹಾಕುವ ಸ್ತ್ರೀಯರೇ ಕಂಪ್ಯೂಟರರು. ೧೯೪೩ ರಲ್ಲಿ ಆ ಕೆಲಸಕ್ಕೆ ಸೇರಿದ ಡೊರೊಥಿ ವಾನ್ ಎಂಬಾಕೆಯು ಮೊದಲು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು. ನೀಗ್ರೋ ಜನಾಂಗದವಳೆಂದು ಆ ಕಾಲವು ಕರೆದ, ಇಂದು ಕರಿಯ ಅಮೇರಿಕನ್ನರೆಂದು ನಾವು ಗೌರವದಿಂದ ಹೇಳುವ ಸಮಾಜಕ್ಕೆ ಸೇರಿದವಳು. ವರ್ಣಭೇದದ ಕಾನೂನಿನಂತೆ ಆಕೆಗೂ ಆಕೆಯ ಸಂಗಾತಿಗಳಿಗೂ ಕೆಲಸದ ಕೋಣೆ ಬೇರೆ, ಊಟದ ಮೇಜು ಬೇರೆ. ೧೯೪೯ ರಲ್ಲಿ ಆಕೆಯು ಆ ಪ್ರತ್ಯೇಕ ವಿಭಾಗಕ್ಕೆ ಮುಖ್ಯಸ್ಥೆಯಾದಳು. ೧೯೫೮ ರಲ್ಲಿ ಆ ಸಂಸ್ಥೆಯು ನಾಸಾ ಆಗಿ ಮಾರ್ಪಟ್ಟಾಗ ಪ್ರತ್ಯೇಕ ವಿಭಾಗವು ರದ್ದಾಯಿತು. ಅವಮಾನದ ಗೋಡೆಯೊಡನೆ ಆಕೆಯ ಅಧಿಕಾರವೂ ಹೋಯಿತು.

ಅಷ್ಟರಲ್ಲಿ ನಿಜವಾದ ಯಂತ್ರವು ಬಾಗಿಲಿಗೆ ಬಂದು ನಿಂತಿತ್ತು. ನೂರು ಜನರ ಲೆಕ್ಕವನ್ನು ಅದೊಂದೇ ಮಾಡಬಲ್ಲದೆಂದ ಮೇಲೆ ಕೈಲೆಕ್ಕದವರ ಗತಿಯೇನು? ವಾನಳಿಗೆ ಆಗ ಐವತ್ತರ ಆಸುಪಾಸು. ೧೯೫೭ ರಲ್ಲಿ ಐ.ಬಿ.ಎಂ. ಕಂಪನಿಯಿಂದ ಹೊರಬಂದ ಫೋರ್‌ಟ್ರಾನ್ ಎಂಬ ಗಣಿತ ಭಾಷೆಯನ್ನು ಆಕೆಯು ಕಲಿತಳು. ಕಲಿತು ತಾನೊಬ್ಬಳೇ ದಡ ಸೇರಲಿಲ್ಲ. ತನ್ನ ಸಂಗಾತಿಗಳಿಗೂ ಕಲಿಸಿದಳು. ಯಂತ್ರದಿಂದ ಕೆಲಸವನ್ನು ಕಳೆದುಕೊಳ್ಳಬೇಕಾಗಿದ್ದವರೇ ಯಂತ್ರವನ್ನು ನಡೆಸುವವರಾದರು. ಉಪಗ್ರಹಗಳನ್ನು ಹಾರಿಸುವ ಸ್ಕೌಟ್ ಎಂಬ ರಾಕೆಟ್ಟಿನ ಕಾರ್ಯದಲ್ಲಿಯೂ ಆಕೆಯ ಕೈ ಇತ್ತು.

ಇಲ್ಲಿ ಎರಡು ಸಂಗತಿಗಳನ್ನು ವಾಚಕರು ಗಮನಿಸಬೇಕೆಂದು ನಮ್ಮ ವಿನಂತಿ. ಹೊಸ ಭಾಷೆಯನ್ನು ಕಲಿಯುವದರಲ್ಲಿ ಆಕೆಗೆ ನೆರವಾದದ್ದು ಹಳೆಯ ಲೆಕ್ಕದ ಅನುಭವವೇ. ಯಾವ ಉತ್ತರವು ಬರತಕ್ಕದ್ದೆಂಬ ಅಂದಾಜು ಮೊದಲೇ ಮನಸ್ಸಿನಲ್ಲಿದ್ದವರಿಗೆ ಯಂತ್ರವು ತಪ್ಪು ಹೇಳಿದಾಗ ಕೂಡಲೆ ಮೂಗಿಗೆ ವಾಸನೆ ಬಡಿಯುತ್ತದೆ. ಎರಡನೆಯದು ಕಹಿಯಾದದ್ದು. ಇಷ್ಟೆಲ್ಲ ಕಲಿತು ಕಲಿಸಿದ ಮೇಲೆಯೂ ಲ್ಯಾಂಗ್ಲಿಯಲ್ಲಿ ಆಕೆಗೆ ಪುನಃ ಮೇಲ್ವಿಚಾರಕಿಯ ಹುದ್ದೆಯು ಸಿಕ್ಕಲೇ ಇಲ್ಲ. ಬಯಸಿದ್ದಳು; ಕೊಡಲಿಲ್ಲ. ೧೯೭೧ ರಲ್ಲಿ ನಿವೃತ್ತಳಾದಳು. ಕಲಿಯುವ ಕೆಲಸವನ್ನು ನೌಕರನು ಮಾಡಬಹುದು. ಕಲಿತದ್ದಕ್ಕೆ ಬೆಲೆ ಕಟ್ಟುವ ಕೆಲಸವು ಯಜಮಾನನ ಕೈಯಲ್ಲಿಯೇ ಉಳಿಯುತ್ತದೆ.

ಇನ್ನೊಂದು ಉದಾಹರಣೆಯು ಕನ್ನಡಿಗರಾದ ನಮಗೆ ಹೆಚ್ಚು ಹತ್ತಿರದ್ದು. ಬ್ರಾಯನ್ ಕರ್ನಿಹಾನ್ ಎಂಬವರ ಹೆಸರನ್ನು ಸಿ ಭಾಷೆ ಕಲಿತವರೆಲ್ಲರೂ ಬಲ್ಲರು. ಡೆನ್ನಿಸ್ ರಿಚಿಯವರೊಡನೆ ಅವರು ಬರೆದ ಗ್ರಂಥವು ೧೯೭೮ ರಲ್ಲಿ ಪ್ರಕಟವಾಯಿತು. ಅದಕ್ಕೂ ಒಂದು ವರ್ಷ ಮೊದಲು, ಅಮೇರಿಕೆಯ ಬೆಲ್ ಪ್ರಯೋಗಾಲಯದಲ್ಲಿ, ಅವರು ಇಬ್ಬರು ಸಂಗಾತಿಗಳೊಡನೆ ಆಕ್ ಎಂಬ ಸಣ್ಣದೊಂದು ಉಪಕರಣವನ್ನು ರಚಿಸಿದ್ದರು. ಪಠ್ಯದ ರಾಶಿಯಲ್ಲಿ ಬೇಕಾದ ಸಾಲುಗಳನ್ನು ಆಯ್ದು, ಎಣಿಸಿ, ಜೋಡಿಸಿಕೊಡುವದು ಅದರ ಕೆಲಸ. ಆ ಕಾಲದ ಯಂತ್ರಗಳಿಗೆ ಇಂಗ್ಲೀಷು ಅಕ್ಷರಗಳೇ ಪ್ರಪಂಚ. ಒಂದು ಅಕ್ಷರಕ್ಕೆ ಒಂದು ಬೈಟು, ಅಂದರೆ ಸ್ಮೃತಿಯಲ್ಲಿ ಒಂದು ಮನೆ. ಮುಂದೆ ೧೯೯೧ ರಲ್ಲಿ ಯೂನಿಕೋಡ್ ಎಂಬ ವಿಶ್ವಲಿಪಿ ಸಂಕೇತವು ಬಂದು ಕನ್ನಡಕ್ಕೂ ಅದರಲ್ಲಿ ಸ್ಥಾನವು ದೊರೆಯಿತು. ೧೯೯೨ ರಲ್ಲಿ ಕರ್ನಿಹಾನರ ಸಹೋದ್ಯೋಗಿಗಳೇ ಆದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅದನ್ನು ಬರೆದಿಡುವ ಸುಲಭ ಪದ್ಧತಿಯನ್ನು ಕಂಡುಹಿಡಿದರು. ಆ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಮನೆಗಳು ಬೇಕು.

ಪರಿಣಾಮವೇನಾಯಿತೆಂದರೆ, ‘ಕನ್ನಡ’ ಎಂಬ ಶಬ್ದವನ್ನು ಕೊಟ್ಟು ಇದರ ಉದ್ದವೆಷ್ಟೆಂದು ಮೂಲ ಆಕ್ ಉಪಕರಣವನ್ನು ಕೇಳಿದರೆ ಅದು ಹದಿನೈದು ಎನ್ನುತ್ತಿತ್ತು! ನಾವು ನೀವು ಎಣಿಸಿದರೆ ಮೂರಕ್ಷರ. ಒತ್ತಕ್ಷರವನ್ನು ಬಿಡಿಸಿ, ನಡುವಿನ ವಿರಾಮ ಚಿಹ್ನೆಯನ್ನೂ ಲೆಕ್ಕಕ್ಕೆ ಹಿಡಿದರೆ ಐದು ಸಂಕೇತಗಳು. ಹದಿನೈದು ಎಲ್ಲಿಂದ ಬಂತು? ಮನೆಯೊಳಗಿನ ಜನರನ್ನು ಎಣಿಸೆಂದರೆ ಕೋಣೆಗಳನ್ನು ಎಣಿಸಿದಂತೆ. ಬೇರೆಯವರು ರಚಿಸಿದ ಆಕ್‌ನ ಇತರ ಆವೃತ್ತಿಗಳಲ್ಲಿ ಈ ದೋಷವು ನಿವಾರಣೆಯಾಗಿದ್ದರೂ ಮೂಲದಲ್ಲಿ ಉಳಿದೇ ಇತ್ತು. ಅದನ್ನು ೨೦೨೨ ರಲ್ಲಿ ತಿದ್ದಿದವರು ಸ್ವತಃ ಕರ್ನಿಹಾನರು. ಆಗ ಅವರ ವಯಸ್ಸು ಎಂಭತ್ತು. ತಿದ್ದಿದ್ದನ್ನು ಎಲ್ಲರಿಗೂ ಹಂಚುವದಕ್ಕೆ ಈಗಿನವರು ಬಳಸುವ ಗಿಟ್ ಎಂಬ ವ್ಯವಸ್ಥೆಯು ತಮಗಿನ್ನೂ ಸರಿಯಾಗಿ ತಿಳಿದಿಲ್ಲವೆಂದೂ, ಆದುದರಿಂದ ಸ್ವಲ್ಪ ತಡವಾದೀತೆಂದೂ ಅವರು ಸಂಕೋಚವಿಲ್ಲದೆ ಬರೆದುಕೊಂಡರು. ಜಗತ್ತಿಗೆ ಪ್ರೋಗ್ರಾಮು ಬರೆಯಲು ಕಲಿಸಿದ ವೃದ್ಧರು, ಮೊಮ್ಮಗನ ವಯಸ್ಸಿನವರ ಮುಂದೆ ‘ಇದು ನನಗೆ ಬಾರದು, ತೋರಿಸಿ’ ಎನ್ನುತ್ತಾರೆ. ನಮ್ಮ ಕಚೇರಿಗಳಲ್ಲಿ ಹತ್ತು ವರ್ಷ ಮೇಜಿನ ಆಚೆ ಕುಳಿತ ಎಷ್ಟು ಮಂದಿ ಈ ಮಾತನ್ನು ಬಾಯಿಬಿಟ್ಟು ಹೇಳಿಯಾರು?

ಹಿರಿಯರ ಪಕ್ಷವನ್ನು ವಹಿಸಿದ ಮಾತ್ರಕ್ಕೆ ಅವರ ದೋಷವನ್ನು ಮುಚ್ಚಿಡುವದು ನಮ್ಮ ಉದ್ದೇಶವಲ್ಲ. ಮ್ಯಾನೇಜರಿಕೆ ದೊರೆತ ಕೂಡಲೆ ಕೋಡು ಬರೆಯುವದನ್ನು ಶಾಶ್ವತವಾಗಿ ಬಿಟ್ಟು, ಕೋಷ್ಟಕ ತುಂಬುವದರಲ್ಲಿಯೂ ಮೀಟಿಂಗುಗಳಲ್ಲಿಯೂ ಹದಿನೈದು ವರ್ಷ ಕಳೆದವರು ಇದ್ದಾರೆ. ‘ನಾವು ಮೊದಲಿನಿಂದಲೂ ಹೀಗೆಯೇ ಮಾಡುತ್ತ ಬಂದಿದ್ದೇವೆ’ ಎಂಬ ಮಾತಿನ ಹಿಂದೆ ಅಡಗಿಕೊಳ್ಳುವವರು ಇನ್ನೂ ಹೆಚ್ಚು. ಕೋಬಾಲ್ ಭಾಷೆಯ ಹುಟ್ಟಿಗೆ ಮುಖ್ಯ ಪ್ರೇರಣೆಯಾದ ಗ್ರೇಸ್ ಹಾಪರ್ ಎಂಬ ವಿದುಷಿಗೆ ಈ ಮಾತನ್ನು ಕಂಡರೆ ಎಲ್ಲಿಲ್ಲದ ಸಿಟ್ಟು. ಅದನ್ನು ಅಣಕಿಸುವದಕ್ಕಾಗಿಯೇ ಆಕೆಯು ತನ್ನ ಕೋಣೆಯಲ್ಲಿ ಮುಳ್ಳುಗಳು ಹಿಂದುಮುಂದಾಗಿ ತಿರುಗುವ ಗಡಿಯಾರವನ್ನು ತೂಗುಹಾಕಿದ್ದಳು. ಅಮೇರಿಕೆಯ ನೌಕಾದಳದಿಂದ ೧೯೮೬ ರಲ್ಲಿ ನಿವೃತ್ತಳಾದಾಗ ಆಕೆಗೆ ಎಪ್ಪತ್ತೊಂಭತ್ತು. ಅಷ್ಟಕ್ಕೂ ಸುಮ್ಮನಿರದೆ ಒಂದು ಕಂಪ್ಯೂಟರ್ ಕಂಪನಿಯ ಸಲಹೆಗಾರ್ತಿಯಾಗಿ ಮತ್ತೆ ದುಡಿದಳು.

ಅಂತೆಯೇ ಹಳೆಯ ವಿದ್ಯೆಯೆಲ್ಲ ಕಸವೆಂದು ತಿಳಿಯುವದೂ ಅಷ್ಟೇ ದೊಡ್ಡ ತಪ್ಪು. ೨೦೨೦ ನೆಯ ಏಪ್ರಿಲ್ ತಿಂಗಳಲ್ಲಿ ಕೋವಿಡ್ ಪಿಡುಗಿನ ದೆಸೆಯಿಂದ ಕೆಲಸ ಕಳೆದುಕೊಂಡವರು ನಿರುದ್ಯೋಗ ಭತ್ಯೆಗಾಗಿ ಒಮ್ಮೆಲೇ ಮುಗಿಬಿದ್ದಾಗ ನ್ಯೂ ಜೆರ್ಸಿ ಸಂಸ್ಥಾನದ ನಲವತ್ತು ವರ್ಷಗಳ ಹಳೆಯ ಗಣಕವ್ಯವಸ್ಥೆಯು ಉಸಿರುಕಟ್ಟಿತು. ಅಲ್ಲಿಯ ಗವರ್ನರ್ ಫಿಲ್ ಮರ್ಫಿಯವರು ಬಹಿರಂಗವಾಗಿ ಕೋಬಾಲ್ ಬಲ್ಲ ಸ್ವಯಂಸೇವಕರನ್ನು ಕೇಳಿಕೊಳ್ಳಬೇಕಾಯಿತು. ಬೇಡವೆಂದು ಮನೆಗೆ ಕಳುಹಿಸಿದವರ ಬಾಗಿಲನ್ನು ಅವಸರದಲ್ಲಿ ಪುನಃ ಬಡಿಯುವದೆಂದರೆ ಇದೇ.

ಪ್ರೋಗ್ರಾಮರನ ವಿದ್ಯೆಯಲ್ಲಿ ಮೇಲ್ಪದರವೊಂದಿದೆ, ತಳವೊಂದಿದೆ. ಭಾಷೆ, ಉಪಕರಣ, ಯಂತ್ರ ಇವು ಮೇಲ್ಪದರ. ಐದಾರು ವರ್ಷಗಳಿಗೊಮ್ಮೆ ಉದುರಿ ಚಿಗುರುವಂಥವು. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆಯುವ ಜಾಣತನ, ದೋಷವು ಎಲ್ಲಿ ಅಡಗಿದೆಯೆಂದು ಊಹಿಸುವ ಚಾತುರ್ಯ, ಯಾವ ವ್ಯವಹಾರಕ್ಕಾಗಿ ಪ್ರೋಗ್ರಾಮು ಬರೆಯುತ್ತಿದ್ದೇವೆಯೋ ಆ ವ್ಯವಹಾರದ ಒಳಗುಟ್ಟು ಇವು ತಳದವು. ನಮ್ಮ ವಾಚಕರಲ್ಲಿ ಕಂದಾಯ ಖಾತೆಯ ಅಧಿಕಾರಿಗಳು ಅನೇಕರಿದ್ದಾರೆ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯ ಮೂಲಕ ಪಹಣಿಗಳು ಕಂಪ್ಯೂಟರಿಗೆ ಏರಿದ್ದನ್ನು ಅವರು ಕಣ್ಣಾರೆ ಕಂಡವರು. ವಾರಸಾ ಫೇರಫಾರಿಗೂ ಖರೀದಿ ಫೇರಫಾರಿಗೂ ಇರುವ ಭೇದವನ್ನು ತಿಳಿಯದ ಪ್ರೋಗ್ರಾಮರನು ಎಷ್ಟೇ ಹೊಸ ಭಾಷೆಯಲ್ಲಿ ಬರೆದರೂ ರೈತನ ಪಹಣಿಯಲ್ಲಿ ಯಾರ ಹೆಸರು ಕೂಡ್ರುವದೋ ದೇವರೇ ಬಲ್ಲ! ಆ ಭೇದವನ್ನು ಅರಿಯುವದಕ್ಕೆ ವರ್ಷಗಳು ಬೇಕು. ಹೊಸ ಭಾಷೆಗೆ ತಿಂಗಳುಗಳು ಸಾಕು.

ಈಗ ಬಂದಿರುವ ಕೃತಕ ಬುದ್ಧಿಮತ್ತೆಯು ತಾನೇ ಪ್ರೋಗ್ರಾಮು ಬರೆಯಬಲ್ಲದಾದ ಕಾರಣ ಹಿಂದಿನ ಮಾತು ಇನ್ನು ಸಲ್ಲದೆಂದು ಕೆಲವರು ವಾದಿಸುತ್ತಾರೆ. ಅವರು ಒಂದು ಪ್ರಯೋಗವನ್ನು ಗಮನಿಸಲಿ. ಅಮೇರಿಕೆಯ ಎಂ.ಇ.ಟಿ.ಆರ್. ಎಂಬ ಸಂಶೋಧನ ಸಂಸ್ಥೆಯು ೨೦೨೫ ರ ಜುಲೈಯಲ್ಲಿ ಇದರ ವಿವರವನ್ನು ಪ್ರಕಟಿಸಿತು. ಹದಿನಾರು ಜನ ಅನುಭವಿ ಪ್ರೋಗ್ರಾಮರುಗಳಿಗೆ, ಅವರು ವರ್ಷಗಟ್ಟಲೆ ಬಲ್ಲ ಯೋಜನೆಗಳಲ್ಲಿಯೇ, ೨೪೬ ಕೆಲಸಗಳನ್ನು ಕೊಟ್ಟು, ಕೆಲವಕ್ಕೆ ಕೃತಕ ಬುದ್ಧಿಮತ್ತೆಯ ನೆರವನ್ನು ಬಿಟ್ಟು, ಕೆಲವಕ್ಕೆ ನಿಷೇಧಿಸಿ ನೋಡಲಾಯಿತು. ನೆರವಿನಿಂದ ನೂರಕ್ಕೆ ಇಪ್ಪತ್ತನಾಲ್ಕರಷ್ಟು ಸಮಯವು ಉಳಿದೀತೆಂದು ಅವರು ಮೊದಲಿಗೆ ನಂಬಿದ್ದರು. ಮುಗಿದ ಮೇಲೆಯೂ ಇಪ್ಪತ್ತರಷ್ಟು ಉಳಿಯಿತೆಂದೇ ಹೇಳಿದರು. ಗಡಿಯಾರವು ಹೇಳಿದ್ದು ಬೇರೆ: ನೂರಕ್ಕೆ ಹತ್ತೊಂಭತ್ತರಷ್ಟು ಹೆಚ್ಚು ಸಮಯವೇ ಹಿಡಿದಿತ್ತು! ಇದು ಕೆಲವೇ ಜನರ ಮೇಲೆ, ಆಗಿನ ಉಪಕರಣಗಳಿಂದ ನಡೆದ ಪರೀಕ್ಷೆ. ಉಪಕರಣಗಳು ದಿನೇ ದಿನೇ ಸುಧಾರಿಸುತ್ತಿರುವದರಿಂದ ಇದನ್ನು ಶಿಲಾಶಾಸನವೆಂದು ಯಾರೂ ತಿಳಿಯಬೇಕಾಗಿಲ್ಲ. ಆದರೆ ಯಂತ್ರವು ಬರೆದದ್ದನ್ನು ಓದಿ, ಸರಿಯೋ ತಪ್ಪೋ ನಿರ್ಣಯಿಸುವ ಕೆಲಸವು ಮನುಷ್ಯನಿಗೇ ಉಳಿಯುವದೆಂಬದೂ, ಹೊಸ ಉಪಕರಣದ ಲಾಭವನ್ನು ಉತ್ಸಾಹದಿಂದಲ್ಲ, ಅಳೆದು ತಿಳಿಯಬೇಕೆಂಬದೂ ಇದರಿಂದ ಸ್ಪಷ್ಟವಾಗುವದು. ಅಳೆಯದೆಯೇ ಹಿರಿಯರನ್ನು ಮನೆಗೆ ಕಳುಹಿಸುವ ಕಂಪನಿಗಳು ಯಾವ ಲೆಕ್ಕವನ್ನು ನಂಬಿವೆ?

ನಿಜವಾದ ತೊಡಕು ಬುದ್ಧಿಯದಲ್ಲ, ವೇಳೆಯದು. ಕಲಿಯಿರಿ, ಇಲ್ಲವಾದರೆ ಹೋಗಿರಿ ಎನ್ನುವವರು ಯಾವಾಗ ಕಲಿಯಬೇಕೆಂದು ಹೇಳುವದಿಲ್ಲ. ೨೦೨೪ ರ ಜುಲೈಯಲ್ಲಿ ಐ.ಟಿ. ನೌಕರರ ದುಡಿಮೆಯನ್ನು ದಿನಕ್ಕೆ ಹದಿನಾಲ್ಕು ತಾಸಿನವರೆಗೆ ವಿಸ್ತರಿಸಲು ಆಸ್ಪದ ಕೊಡುವ ಕಾಯಿದೆ ತಿದ್ದುಪಡಿಯ ಪ್ರಸ್ತಾಪವು ನಮ್ಮ ರಾಜ್ಯದಲ್ಲಿಯೇ ಚರ್ಚೆಗೆ ಬಂದು, ನೌಕರರ ಸಂಘವು ಅದನ್ನು ಬಲವಾಗಿ ವಿರೋಧಿಸಿತು. ಹದಿನಾಲ್ಕು ತಾಸು ಕೆಲಸ, ಹೋಗಿಬರುವದಕ್ಕೆ ಬೆಂಗಳೂರಿನ ರಸ್ತೆಗಳಲ್ಲಿ ಎರಡು ಮೂರು ತಾಸು. ಉಳಿದ ಏಳು ತಾಸುಗಳಲ್ಲಿ ನಿದ್ರೆ, ಸ್ನಾನ, ಊಟ, ಹೆಂಡಿರು-ಮಕ್ಕಳು ಮತ್ತು ನೂತನ ವಿದ್ಯೆ! ಯೋಜನೆಯನ್ನು ಮುಂದಿಟ್ಟವರು ಈ ಕೂಡು-ಕಳೆಯುವ ಲೆಕ್ಕವನ್ನಾದರೂ ಮಾಡಿ ನೋಡಬೇಕಾಗಿತ್ತು.

ಸಿಂಗಾಪುರದ ಸರಕಾರವು ಇದನ್ನು ಬೇರೆ ಬಗೆಯಿಂದ ನೋಡಿತು. ೨೦೨೪ ರ ಮೇ ತಿಂಗಳಲ್ಲಿ ಅದು ನಲವತ್ತು ವರ್ಷ ತುಂಬಿದ ಪ್ರತಿಯೊಬ್ಬ ಪ್ರಜೆಯ ಹೆಸರಿನಲ್ಲಿ ಹೊಸ ವಿದ್ಯೆಯ ವೆಚ್ಚಕ್ಕಾಗಿಯೇ ನಾಲ್ಕು ಸಾವಿರ ಡಾಲರುಗಳನ್ನು ಜಮೆ ಮಾಡಿತು. ೨೦೨೫ ರಿಂದ, ಕೆಲಸ ಬಿಟ್ಟು ಪೂರ್ಣ ಕಾಲ ಕಲಿಯುವವರಿಗೆ ತಿಂಗಳಿಗೆ ಮೂರು ಸಾವಿರ ಡಾಲರಿನವರೆಗೆ ಭತ್ಯೆಯನ್ನೂ ಗೊತ್ತುಪಡಿಸಿತು. ಅದು ಶ್ರೀಮಂತ ದೇಶ, ಜನಸಂಖ್ಯೆಯು ಬೆಂಗಳೂರಿಗಿಂತ ಕಡಿಮೆ. ಅಷ್ಟನ್ನೇ ಇಲ್ಲಿಯೂ ಕೊಡಿರೆಂದು ಕೇಳುವದು ವಿವೇಕವಾಗಲಾರದು. ಆದರೆ ವಾರಕ್ಕೆ ನಾಲ್ಕು ತಾಸು, ಕಚೇರಿಯ ವೇಳೆಯಲ್ಲಿಯೇ, ಸಂಬಳ ಕಡಿತವಿಲ್ಲದೆ ಕಲಿಯಲು ಬಿಡುವದಕ್ಕೆ ಬೊಕ್ಕಸದ ಒಂದು ಕಾಸೂ ಬೇಕಾಗಿಲ್ಲ. ಕೆಲಸದಿಂದ ತೆಗೆಯುವ ಮುನ್ನ ಇಷ್ಟು ಅವಕಾಶವನ್ನು ಕೊಟ್ಟಿದ್ದೆವೆಂದು ಕಂಪನಿಯು ಲೆಕ್ಕ ತೋರಿಸಬೇಕೆಂಬ ನಿಯಮವನ್ನು ರಾಜ್ಯ ಸರಕಾರವು ಮಾಡಲಿ. ತೆರಿಗೆಯ ರಿಯಾಯತಿ, ಜಮೀನು, ನೀರು, ವಿದ್ಯುತ್ತು ಎಲ್ಲವನ್ನೂ ಸರಕಾರದಿಂದ ಕೇಳಿ ಪಡೆದ ವ್ಯವಸಾಯವು ಇಷ್ಟನ್ನು ಕೊಡಲಾರೆನೆಂದು ಯಾವ ಬಾಯಿಂದ ಹೇಳೀತು?

ಧಾರವಾಡದ ಕಡೆಯವರಾದ ನಮ್ಮ ಪರಿಚಿತ ಗೃಹಸ್ಥರೊಬ್ಬರು ಇಪ್ಪತ್ತೈದು ವರ್ಷಗಳಿಂದ ಬೆಂಗಳೂರಿನಲ್ಲಿ ಬ್ಯಾಂಕುಗಳ ಬಡ್ಡಿ ಲೆಕ್ಕದ ಪ್ರೋಗ್ರಾಮುಗಳನ್ನು ನೋಡಿಕೊಳ್ಳುತ್ತಿದ್ದಾರೆ. ಅವರ ಕಂಪನಿಯು ಹೊಸ ವಿದ್ಯೆಯನ್ನು ಕಲಿಯತಕ್ಕದ್ದೆಂದು ಪತ್ರ ಕಳುಹಿಸಿ, ನೋಡುವದಕ್ಕೆ ಒಂದಷ್ಟು ವೀಡಿಯೋಗಳನ್ನು ಕೊಟ್ಟು ಕೈ ತೊಳೆದುಕೊಂಡಿತು. ರಾತ್ರಿ ಹತ್ತರ ಮೇಲೆ ಅವನ್ನು ಹಚ್ಚಿಕೊಂಡು ಕುಳಿತಲ್ಲಿಯೇ ನಿದ್ದೆ ಹೋದದ್ದೇ ಹೆಚ್ಚು. ಕಡೆಗೆ ಅವರೂ ಅದೇ ವಯಸ್ಸಿನ ನಾಲ್ವರು ಸಂಗಾತಿಗಳೂ ಸೇರಿ ರವಿವಾರ ಬೆಳಿಗ್ಗೆ ಒಬ್ಬರ ಮನೆಯಲ್ಲಿ ಕೂಡ್ರುವದೆಂದು ಗೊತ್ತುಮಾಡಿದರು. ಪೈಥಾನ್ ಭಾಷೆಯನ್ನು ಕಲಿಸಲು ಬರುವವಳು ಅದೇ ಕಂಪನಿಗೆ ಎರಡು ವರ್ಷಗಳ ಹಿಂದೆ ಸೇರಿದ ಹುಡುಗಿ. ಆಕೆ ಇವರನ್ನು ‘ಸರ್’ ಎನ್ನುತ್ತಾಳೆ; ಇವರು ‘ಇನ್ನೊಂದ್ ಸಲ ಹೇಳವ್ವಾ’ ಎನ್ನುತ್ತಾರೆ. ಗುರುದಕ್ಷಿಣೆಯಾಗಿ ಆಕೆ ಕೇಳಿದ್ದು ಬಡ್ಡಿಯ ಲೆಕ್ಕವನ್ನೇ: ಕೆಲವು ಸಾಲಗಳಲ್ಲಿ ವರ್ಷಕ್ಕೆ ಮುನ್ನೂರರವತ್ತೇ ದಿನಗಳೆಂದು ಹಿಡಿಯುವದೇಕೆ, ಅಧಿಕ ವರ್ಷ ಬಂದಾಗ ಫೆಬ್ರುವರಿಯ ಆ ಒಂದು ದಿನದ ಬಡ್ಡಿ ಎಲ್ಲಿ ಹೋಗುತ್ತದೆ ಎಂಬಂಥ ಪ್ರಶ್ನೆಗಳು. ಇಂಥವಕ್ಕೆ ಉತ್ತರ ಹೇಳುವಾಗ ಗೃಹಸ್ಥರ ಧ್ವನಿಯೇ ಬೇರೆಯಾಗುವದಂತೆ.

ಪೈಥಾನಿನಲ್ಲಿ ಸಾಲಿನ ಆರಂಭಕ್ಕೆ ಬಿಡುವ ಖಾಲಿ ಜಾಗಕ್ಕೂ ಅರ್ಥವಿದೆಯೆಂದು ಆಕೆ ಎಚ್ಚರಿಸಿದಾಗ ಐವರೂ ನಕ್ಕರಂತೆ. ಎಷ್ಟನೆಯ ಅಂಕಣದಿಂದ ಬರೆಯಬೇಕೆಂಬ ಕಟ್ಟುಪಾಡಿನಲ್ಲಿಯೇ ಅವರ ಕೋಬಾಲ್ ಯೌವನವು ಕಳೆದಿತ್ತು. ಕಷ್ಟವಾದದ್ದು ಬೇರೆಯೇ. ಕೋಬಾಲಿನಲ್ಲಿ ವಾಕ್ಯವು ಪೂರ್ಣವಿರಾಮದಿಂದ ಮುಗಿಯಬೇಕು. ಇಪ್ಪತ್ತೈದು ವರ್ಷಗಳ ಬಳಿಕವೂ ಅವರ ಬೆರಳು ಸಾಲಿನ ಕೊನೆಗೆ ತಾನಾಗಿಯೇ ಒಂದು ಚುಕ್ಕೆಯನ್ನು ಇಟ್ಟುಬಿಡುತ್ತಿತ್ತು, ಯಂತ್ರವು ತಪ್ಪೆಂದು ಕೂಗುತ್ತಿತ್ತು. ಹೋದ ರವಿವಾರ ಇಡೀ ಬೆಳಗಿನಲ್ಲಿ ಅಂಥ ಚುಕ್ಕೆಗಳು ಎರಡೇ ಬಿದ್ದವೆಂದು ಅವರು ನಮಗೆ ಹೇಳಿದರು.